ತಲೆದಿಂಬಿನಡಿಯ ಬೀಗದ ಕೈ

“ಕೇಳಿರಿ, ಕಲ್ಮಡುವಿನ ಪ್ರಜೆಗಳಿರಾ! ಕೋಟೆಯೊಳಗೆ ಜನ ಹೆಚ್ಚಿದುದರಿಂದ ಅರಿಕೇತು ಮಹಾರಾಜರು ಹೊರಪೇಟೆಯನ್ನು ಕಟ್ಟಿಸಿದ್ದಾರೆ. ಹುಣ್ಣಿಮೆಯೊಳಗಾಗಿ ಕುಶಲಕರ್ಮಿಗಳೆಲ್ಲರೂ ಅಲ್ಲಿಗೆ ತೆರಳತಕ್ಕದ್ದು. ಅದು ಬಾಳಲು ತಕ್ಕ ತಾಣವೋ ಅಲ್ಲವೋ ಎಂದು ನುಡಿಯಬಯಸುವವನು ರಾಜಕುಮಾರಿಯ ಮೂರು ಒಗಟುಗಳನ್ನು ಬಿಡಿಸಲಿ. ಬಿಡಿಸಿದವನ ಮಾತೇ ಶಾಸನ, ಕುಮಾರಿಯ ಕೈಯೂ ಅವನದೇ. ತಪ್ಪಿದವನ ತಲೆ ಉಳಿಯದು!”

ಈ ಡಂಗುರವನ್ನು ಕೇಳಿದ ಮೇದರ ಮಾಚ ಹೆಣೆಯುತ್ತಿದ್ದ ಬುಟ್ಟಿಯನ್ನು ಕೆಳಗಿಟ್ಟ. ಹಿಂದಿನ ವರ್ಷ ಹೊರಪೇಟೆಗೆ ಎಲ್ಲರಿಗಿಂತ ಮೊದಲು ಒಕ್ಕಲು ಹೋದವನು ಅವನೇ. ಹೆಂಡತಿ ಸಾತಿಯನ್ನು ಅಲ್ಲಿಯೇ ಮಣ್ಣುಮಾಡಿ ಕೋಟೆಯೊಳಕ್ಕೆ ಮರಳಿದ್ದ. ಈಗ ತುಂಬು ಬಸುರಿಯಾದ ಅವನ ತಂಗಿಯೂ ಅಲ್ಲಿಗೆ ಹೋಗಬೇಕಾಗಿತ್ತು.

ಸಭೆಯಲ್ಲಿ ರಾಜಕುಮಾರಿ ಪದ್ಮಲೆ ಒಗಟುಗಳನ್ನು ಒಡ್ಡಿದಳು: “ಹಗಲಿನಲ್ಲಿ ಮಗುವೂ ನಡೆದು ಮುಗಿಸುವ, ಇರುಳಿನಲ್ಲಿ ಕುದುರೆಯೂ ಮುಗಿಸಲಾರದ ದಾರಿ ಯಾವುದು? ಕಟ್ಟಲಾಗದ, ಕೊಳ್ಳಲಾಗದ, ಆದರೆ ತಾನಿಲ್ಲದಿದ್ದರೆ ಹೊಸಮನೆಯ ಒಲೆ ಹೊತ್ತದಂಥದು ಯಾವುದು? ಹೊರಪೇಟೆ ಬಾಳಲು ತಕ್ಕುದೇ ಎಂಬುದಕ್ಕೆ ಕಟ್ಟಿದ ಶಿಲ್ಪಿಯ ಕೈಯಲ್ಲಿ ಉತ್ತರವಿಲ್ಲ, ಬಾಳುವವನ ಕೈಯಲ್ಲೂ ಇಲ್ಲ, ಮತ್ತಾರ ಕೈಯಲ್ಲಿದೆ? ಯಾವುದರಿಂದಾದರೂ ತೊಡಗಿರಿ.”

ದಳವಾಯಿಯ ಮಗ ಮೀಸೆ ತಿರುವಿ, “ಮೊದಲನೆಯದು ಹುಲಿ ತಿರುಗುವ ಕಾಡುದಾರಿ” ಎಂದ. ಶ್ರೇಷ್ಠಿಯ ಮಗ ನಗುತ್ತ, “ಎರಡನೆಯದು ಭಾಗ್ಯ” ಎಂದ. ಕುಮಾರಿ ಎರಡು ಬಾರಿಯೂ ಅಲ್ಲವೆಂದು ತಲೆಯಲ್ಲಾಡಿಸಿದಳು. ಅವರಿಬ್ಬರೂ ಮರಳಿ ಬರಲಿಲ್ಲ.

ಮಾಚ ಮುಂದೆ ಬಂದಾಗ ಒಬ್ಬ ಮಂತ್ರಿ ಹಂಗಿಸಿದ: “ಏನೋ ಮೇದರವನೇ, ತಲೆಯನ್ನು ಒಯ್ಯಲು ಬುಟ್ಟಿ ತಂದೆಯೋ?”

“ಹಗುರ ತಲೆ, ಬುದ್ಧೀ, ಮೊರದಲ್ಲಿ ಹಿಡಿಸೀತು,” ಎಂದು ಮಾಚ ಕುಮಾರಿಯ ಕಡೆಗೆ ತಿರುಗಿದ. “ತಾಯೀ, ಆ ದಾರಿ ಹೊರಪೇಟೆಯಿಂದ ಕೋಟೆಗೆ ಬರುವುದು. ಸಂಜೆಯ ನಗಾರಿಯಾದ ಮೇಲೆ ಬಾಗಿಲು ಮುಚ್ಚುತ್ತದೆ. ಸಾತಿ ಹೆರಿಗೆಯ ನೋವಿನಲ್ಲಿದ್ದಳು, ಸೂಲಗಿತ್ತಿ ಒಳಗಿದ್ದಳು. ನಾನು ಬೆಳಗಿನವರೆಗೆ ಬಾಗಿಲು ಬಡಿದೆ.”

ಹಂಗಿಸಿದ ಮಂತ್ರಿ ಕಣ್ಣು ತಗ್ಗಿಸಿದ.

“ಎರಡನೆಯದು ನೆರೆಹೊರೆ. ಹೊಸಮನೆಯ ಒಲೆಯನ್ನು ನೆರೆಮನೆಯ ಕೆಂಡದಿಂದ ಹೊತ್ತಿಸುವುದು ನಮ್ಮವರ ಪದ್ಧತಿ. ಮೊದಲ ದಿನ ಸಾತಿ ಕೆಂಡಕ್ಕೆಂದು ಮಡಕೆಯ ಚೂರು ಹಿಡಿದು ಹೊರಟಳು. ಮನೆಗಳು ಸಾಲುಸಾಲಾಗಿದ್ದವು, ಒಳಗೆ ಜನರಿರಲಿಲ್ಲ. ತಣ್ಣನೆಯ ಚೂರಿನೊಡನೆ ಮರಳಿದಳು.”

“ಮೂರನೆಯದು?” ಕುಮಾರಿ ಕೇಳಿದಳು.

ಕೋಟೆಯ ಬೀಗದ ಕೈ ಇರುಳೆಲ್ಲ ಅರಸನ ತಲೆದಿಂಬಿನಡಿ ಇರಬೇಕೆಂಬುದು ಆ ನಾಡಿನ ಕಟ್ಟಳೆ. ಮಾಚ ಅರಸನನ್ನೇ ನೋಡಿದ.

“ಬೀಗದ ಕೈ ಹಿಡಿದ ಕೈಯಲ್ಲಿ, ಒಡೆಯಾ. ಆ ಇರುಳು ನಿಮ್ಮನ್ನು ಎಬ್ಬಿಸಲು ಕಾವಲಿನವರು ಹೆದರಿದರು. ಊರು ಒಳ್ಳೆಯದೇ, ಗಾಳಿಯುಂಟು, ನೀರುಂಟು. ಬಾಗಿಲು ತೆರೆದಿರಲಿ, ಕೇರಿಗೆ ಕೇರಿಯೇ ಒಟ್ಟಿಗೆ ಹೋಗಲಿ, ಆಗ ಬಾಳಬಹುದು.”

ಅರಸನು ಸಿಂಹಾಸನದಿಂದ ಇಳಿದು ಬಂದನು. “ನಿನ್ನ ಮಾತೇ ಶಾಸನ. ಕುಮಾರಿಯನ್ನೂ ಸ್ವೀಕರಿಸು” ಎಂದನು.

“ಕ್ಷಮಿಸಬೇಕು. ಬಾಗಿಲಷ್ಟೇ ಸಾಕು,” ಎಂದು ಮಾಚ ಕೈಮುಗಿದ. ಪದ್ಮಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಣ್ಣಿಮೆ ಕಳೆದ ಕೆಲವು ದಿನಗಳಿಗೆ ಹೊರಪೇಟೆಯಲ್ಲಿ ತಂಗಿಗೆ ನೋವು ತೊಡಗಿತು. ಸಂಜೆಯ ನಗಾರಿ ಮೊಳಗುತ್ತಿದ್ದಂತೆಯೇ ಮುದಿ ಸೂಲಗಿತ್ತಿ ಕೋಲೂರುತ್ತ ಕೋಟೆಯಿಂದ ಹೊರಟಳು. ಮುಂದೆ ದೀವಿಗೆ ಹಿಡಿದಿದ್ದ ಮಾಚ ಬಾಗಿಲ ಬಳಿ ನಿಂತು, ತಾನು ಅಂದು ಬಡಿದಿದ್ದ ಹಲಗೆಯನ್ನು ಬೆರಳಿನಿಂದ ಮೆಲ್ಲನೆ ನೂಕಿದ. ಅದು ಸದ್ದಿಲ್ಲದೆ ಸರಿಯಿತು.

“ಯಾಕೋ ಮಗಾ, ನಿಂತುಬಿಟ್ಟೆ?”

“ಏನಿಲ್ಲಜ್ಜೀ,” ಎಂದ ಮಾಚ. “ಬಾಗಿಲು ಇಷ್ಟು ಹಗುರವೆಂದು ತಿಳಿದಿರಲಿಲ್ಲ.”