ಹೂ ಕಾಣದ ಬೋಲ್ಟು

ಕಲ್ಲುಕ್ವಾರಿಯ ಧಣಿ ಓಡಿಸುವ ಪಿಕಪ್ಪಿನಲ್ಲಿ, ಅವನ ಸೀಟಿನ ಪಕ್ಕ, ಪಿಸ್ತೂಲಿನ ಚರ್ಮದ ಚೀಲವನ್ನು ಗಾಡಿಯ ಕಬ್ಬಿಣಕ್ಕೆ ಬಿಗಿಹಿಡಿದಿದ್ದದ್ದು ಒಂದೇ ಒಂದು ಬೋಲ್ಟು. ಆಯುಧಪೂಜೆಯ ದಿನ ಧಣಿ ಪಿಸ್ತೂಲಿಗೆ ಕುಂಕುಮ ಹಚ್ಚಿ ಚೆಂಡುಹೂ ಮುಡಿಸಿದ. ಬೋಲ್ಟನ್ನು ಯಾರೂ ತಿರುಗಿ ನೋಡಲಿಲ್ಲ.

"ನೋಡಿದೆಯೇನೋ, ತುಕ್ಕುಮೋರೆಯವನೇ?" ಎಂದಿತು ಪಿಸ್ತೂಲು. "ಈ ಗಾಡಿ ಕಾಯುವವನು ನಾನು. ನನ್ನನ್ನು ಸಡಿಲ ಬಿಡು. ಮುಂದಿನ ಗಾಜಿನ ಹತ್ತಿರ ಕೂತು ಜನಕ್ಕೆ ಮುಖ ತೋರಿಸುತ್ತೇನೆ."

"ಬಿಡುವುದಿಲ್ಲ. ನೀನು ಜಾರಿದರೆ ಬ್ರೇಕಿನ ಕೆಳಗೆ ಬೀಳುತ್ತೀಯ. ಹಿಂದೆ ಏಳು ಜನ ಕೂಲಿಗಳು ನಿಂತಿದ್ದಾರೆ."

"ಒಂದು ಎಸಳು ಹೂ ಸಿಗದವನಿಗೆ ಬಾಯಿ ಬೇರೆ!"

ಕ್ವಾರಿಯ ಇಳಿಜಾರಿನಲ್ಲಿ ಚಕ್ರ ಗುಂಡಿಗೆ ಬಿದ್ದು ಗಾಡಿ ಎಗರಿತು. ಸೀಟಿನ ಮೇಲಿದ್ದ ಪೂಜೆಯ ತೆಂಗಿನಕಾಯಿ ಉರುಳಿ ಬ್ರೇಕಿನಡಿ ಸಿಕ್ಕಿಕೊಂಡಿತು. ಧಣಿ ತುಳಿದ, ಬ್ರೇಕು ಇಳಿಯಲಿಲ್ಲ. ಪಿಸ್ತೂಲು ಚೀಲದ ಸಮೇತ ಜಗ್ಗಿತು. ಬೋಲ್ಟು ಹಲ್ಲು ಕಚ್ಚಿ ಹಿಡಿಯಿತು. ಧಣಿ ಕಾಯಿಯನ್ನು ಒದ್ದು ಮತ್ತೆ ತುಳಿದಾಗ, ಗಾಡಿ ಕಲ್ಲು ತೆಗೆದ ಆಳದ ಹೊಂಡದ ಅಂಚಿನಿಂದ ಒಂದು ಮಾರು ದೂರದಲ್ಲಿ ನಿಂತಿತು.

ಪಿಸ್ತೂಲಿನ ಹೂವೆಲ್ಲ ಉದುರಿಹೋಗಿತ್ತು. "ಅಣ್ಣಾ," ಎಂದಿತು ಸಣ್ಣ ದನಿಯಲ್ಲಿ, "ಆ ಕಾಯಿಯ ಜೊತೆ ನಾನೂ ಅಲ್ಲಿಗೇ ಬಿದ್ದಿದ್ದರೆ?"

"ಸುಮ್ಮನಿರು, ಎಣಿಸುತ್ತಿದ್ದೇನೆ."

ಹಿಂದೆ ಕೂಲಿಗಳ ನಡುವೆ ನಿಂತಿದ್ದ ಮಲ್ಲವ್ವ ಧಣಿಯನ್ನು ಬಾಯಿತುಂಬ ಬೈಯುತ್ತಿದ್ದಳು. ಉಳಿದವರು ನಗುತ್ತ ಕೆಳಗಿಳಿಯುತ್ತಿದ್ದರು. ಬೋಲ್ಟು ಏಳೂ ದನಿಗಳನ್ನು ಎಣಿಸಿ ಮುಗಿಸಿತು. ಆಮೇಲೆ, ಯಾರ ಕಣ್ಣಿಗೂ ಬೀಳದ ತನ್ನ ಜಾಗದಲ್ಲಿ, ನೆಮ್ಮದಿಯಿಂದ ಬಿಗಿಯಾಗಿ ಕೂತಿತು.