ಮುಚ್ಚಳದ ಗಂಧ

ಮೈದಾನದ ಅರ್ಧ ಹುಲ್ಲು ಮುಗಿಯುವಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಒಮ್ಮೆ ಅಬ್ಬರಿಸಿತು, ಮರುಕ್ಷಣ ಕುಗ್ಗಿತು. ಗೇಟಿನ ಹತ್ತಿರ ಗುಜರಿ ಗಾಡಿ ನಿಂತಿತ್ತು. "ಈ ಸಾಲು ಮುಗಿಯುವುದರೊಳಗೆ ಸರಿಹೋಗದಿದ್ದರೆ ಒಯ್ದುಬಿಡು" ಎಂದು ಮಾಲಿ ಫಕೀರಪ್ಪ ಗಾಡಿಯವನಿಗೆ ಕೂಗಿ ಹೇಳಿದ.

"ಕೇಳಿದಿರಾ? ಯಾರ ತಪ್ಪು, ಬೇಗ ಹೇಳಿ" ಎಂದಿತು ಎಂಜಿನ್.

"ನನ್ನ ಕಿಡಿ ಸರಿಯಾಗಿದೆ. ಕಾರ್ಬುರೇಟರಣ್ಣನನ್ನು ಕೇಳು" ಎಂದಿತು ಪ್ಲಗ್.

"ಮೇಲಿಂದ ಪೆಟ್ರೋಲ್ ಬಂದರಲ್ಲವೇ ನಾನು ಕೊಡುವುದು?" ಎಂದಿತು ಕಾರ್ಬುರೇಟರ್.

"ನನ್ನ ಹೊಟ್ಟೆ ತುಂಬಿದೆ" ಎಂದಿತು ಟ್ಯಾಂಕ್. "ಒಳಗೆ ಗಾಳಿ ಬಾರದೆ ಪೆಟ್ರೋಲ್ ಇಳಿಯುತ್ತಿಲ್ಲ. ಮುಚ್ಚಳದ ತೂತು ಕಟ್ಟಿದೆ."

ನಿಜ. ಆಯುಧಪೂಜೆಯ ದಿನ ಫಕೀರಪ್ಪ ಮುಚ್ಚಳದ ನೆತ್ತಿಗೆ ಬಳಿದ ಗಂಧ ಒಣಗಿ, ಗಾಳಿಯಾಡುವ ತೂತು ಮುಚ್ಚಿಹೋಗಿತ್ತು.

"ಅದನ್ನು ಉದುರಿಸಯ್ಯ" ಎಂದಿತು ಎಂಜಿನ್.

"ನಿಮಗ್ಯಾರಿಗೂ ಇಡದ ಗಂಧ ನನಗಿಟ್ಟಿದ್ದಾನೆ. ಹೊಟ್ಟೆಕಿಚ್ಚೇ?" ಎಂದಿತು ಮುಚ್ಚಳ.

"ಹಾಗಾದರೆ ಇಟ್ಟುಕೋ ಮಹಾರಾಯ. ಗುಜರಿಯವನು ಸುತ್ತಿಗೆ ಎತ್ತಿದಾಗ ತೋರಿಸು. ಕೈಮುಗಿದು ಬಡಿಯುತ್ತಾನೆ."

ಸಾಲು ಮುಗಿಯಲು ನಾಲ್ಕು ಮಾರು ಉಳಿದಿತ್ತು. ಎಂಜಿನ್ ಕೆಮ್ಮಿತು. ಗಾಡಿಯವನು ಹಗ್ಗ ಬಿಚ್ಚಿಕೊಂಡು ಯಂತ್ರದ ಕಡೆಗೆ ಹೊರಟ.

"ಅಲ್ಲಾಡಿಸು, ಬೇಗ ಅಲ್ಲಾಡಿಸು" ಎಂದಿತು ಮುಚ್ಚಳ.

ಎಂಜಿನ್ ಉಳಿದ ಉಸಿರನ್ನೆಲ್ಲ ಹಾಕಿ ಅದುರಿತು. ಮುಚ್ಚಳವೂ ಜೊತೆಗೆ ಗಡಗಡ ಅದುರಿತು. ಗಂಧದ ಹಕ್ಕಳೆ ಎದ್ದು ಹುಲ್ಲಿಗೆ ಬಿತ್ತು. ಟ್ಯಾಂಕಿಗೆ ಗಾಳಿ ನುಗ್ಗಿತು, ಪೆಟ್ರೋಲ್ ಇಳಿಯಿತು, ಎಂಜಿನ್ ಒಂದೇ ಸಮನೆ ಓಡತೊಡಗಿತು.

ಫಕೀರಪ್ಪ ಸಾಲಿನ ತುದಿಯಲ್ಲಿ ಯಂತ್ರವನ್ನು ತಿರುಗಿಸಿ ಮುಂದಿನ ಸಾಲು ಹಿಡಿದ. ಮುಚ್ಚಳದ ನೆತ್ತಿ ಬರಿದಾಗಿತ್ತು. ಗುಜರಿ ಗಾಡಿ ಖಾಲಿ ಹೋಯಿತು.