ಕಾಗಕ್ಕನ ಬ್ಲಾಗಿನ ಮೊದಲ ತುತ್ತು

ಹುಣಸೆಮರದ ಕಾಗಕ್ಕನಿಗೊಂದು ಬ್ಲಾಗ್ ಇತ್ತು. ದಿನಕ್ಕೊಂದು ಮೆಚ್ಚಿನ ಫೋಟೊ, ಜೊತೆಗೆ ಮನಸ್ಸಿಗೆ ಬಂದ ಒಂದೆರಡು ಮಾತು ಹಾಕುತ್ತಿದ್ದಳು. ಕಾಗೆಯದಲ್ಲವೇ ಎಂದು ಯಾರೂ ಅತ್ತ ತಲೆಹಾಕುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತಾಳೆ, ತಾನು ತೆಗೆದ ಮರಿಯ ಫೋಟೊ ಕೋಗಿಲೆಯ ಬ್ಲಾಗಿನಲ್ಲಿದೆ! ಕೆಳಗೆ ತನ್ನದೇ ಮಾತು: "ಇವತ್ತು ನನ್ನ ಮಗು ಮೊದಲ ತುತ್ತು ನುಂಗಿತು." ಹೆಸರು ಮಾತ್ರ ಕೋಗಿಲೆಯದು. "ಎಂಥ ತಾಯಿ!" ಎಂದು ತೋಪಿಗೆ ತೋಪೇ ಹೊಗಳಿತ್ತು.

ಕಾಗಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಮಾವಿನಮರಕ್ಕೆ ಹಾರಿ, "ನಾಚಿಕೆ ಆಗೋದಿಲ್ಲವೇನೇ ನಿನಗೆ? ತೆಗೆ ನನ್ನ ಮಗುವಿನ ಚಿತ್ರ!" ಎಂದು ಕೂಗಾಡಿದಳು.

ಕೋಗಿಲೆ ರೆಕ್ಕೆ ಸವರಿಕೊಳ್ಳುತ್ತಾ, "ಈಗ ಆ ಮರಿಯ ದನಿ ಕೇಳಿದೆಯಾ ಕಾಗಕ್ಕ? ಕಾ ಕಾ ಅಲ್ಲ, ಕುಹೂ ಅನ್ನುತ್ತೆ. ನಿನ್ನ ಗೂಡಿನಲ್ಲಿ ಆ ಮೊಟ್ಟೆ ಇಟ್ಟವಳು ನಾನು. ಮರಿ ನನ್ನದಾದ ಮೇಲೆ ಚಿತ್ರವೂ ನನ್ನದೇ," ಎಂದಳು.

ಕಾಗಕ್ಕ ಕೊಕ್ಕನ್ನು ಕೊಂಬೆಗೆ ಮಸೆದು ಕೇಳಿದಳು:

"ಹಾಗಾದರೆ ಹೇಳು, ಆ ಮೊದಲ ತುತ್ತು ಏನು?"

ಕೋಗಿಲೆ ತಡವರಿಸಿದಳು. "ಯಾವುದೋ ಹಣ್ಣಿರಬೇಕು."

"ಪಿಂಡದ ಅನ್ನ! ಹೊಳೆದಂಡೆಯಲ್ಲಿ ಹತ್ತು ಕಾಗೆಗಳ ಜೊತೆ ಕಾದಾಡಿ ತಂದಿದ್ದೆ. ಮೊಟ್ಟೆ ನಿನ್ನದೇ ಇರಲಿ ಕಣೇ, ಆ ದಿನ ನನ್ನದು!"